ಲಕ್ಕಮ್ಮನ ಅಳತೆ

ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದರೆ ಸಿಗುವ ಅಮ್ಮಿನಬಾವಿ ಹಳೆಯ ಊರು. ಅಲ್ಲಿ ಜೈನ ಬಸದಿಯಿದೆ, ಪಂಚಗೃಹ ಹಿರೇಮಠವಿದೆ, ಸುತ್ತಲೂ ಎರೆಹೊಲಗಳಿವೆ. ಹುಬ್ಬಳ್ಳಿ-ಧಾರವಾಡದವರಿಗೆ ಮಾತ್ರ ಆ ಊರಿನ ಹೆಸರು ನೆನಪಾಗುವುದು ನಳಕ್ಕೆ ನೀರು ಬಾರದ ದಿನ. ಸವದತ್ತಿಯ ಜಾಕ್‌ವೆಲ್‌ನಿಂದ ಎತ್ತಿದ ಮಲಪ್ರಭೆಯ ನೀರು ಅಮ್ಮಿನಬಾವಿಯ ಶುದ್ಧೀಕರಣ ಘಟಕಕ್ಕೆ ಬಂದು, ಕೆಸರು ಕಳೆದುಕೊಂಡು, ಕ್ಲೋರಿನ್ ಸೇರಿಸಿಕೊಂಡು ಅವಳಿ ನಗರಕ್ಕೆ ಹೋಗುತ್ತದೆ. ಅಲ್ಲಿ ಹಗಲುರಾತ್ರಿ ದುಡಿಯುವವರನ್ನು ಯಾರೂ ಹೊಗಳುವುದಿಲ್ಲ. ಪೈಪು ಒಡೆದಾಗ ಬಯ್ಯುತ್ತೇವೆ, ಅಷ್ಟೇ. ಇಂಥದೇ ಕೆಲಸ ದೂರದಲ್ಲೊಮ್ಮೆ ಆಟವೂ ಆಯಿತು. 2017ರ ಜುಲೈಯಲ್ಲಿ ವಾಷಿಂಗ್ಟನ್‌ನಲ್ಲಿ 150ಕ್ಕೂ ಹೆಚ್ಚು ದೇಶಗಳ ಹೈಸ್ಕೂಲು ವಯಸ್ಸಿನ ಮಕ್ಕಳು ತಾವು ಕಟ್ಟಿದ ರೋಬೋಗಳೊಂದಿಗೆ ಸೇರಿದ್ದರು. ಅದು ಫಸ್ಟ್ ಗ್ಲೋಬಲ್ ಚಾಲೆಂಜ್ ಎಂಬ ಸ್ಪರ್ಧೆಯ ಮೊದಲ ವರ್ಷ. ಆಟದ ವಸ್ತುವೂ ನೀರೇ: ನೀಲಿ ಚೆಂಡು ಕುಡಿಯುವ ನೀರು, ಕಿತ್ತಳೆ ಬಣ್ಣದ ಚೆಂಡು ಕಲ್ಮಶ, ಎರಡನ್ನೂ ಬೇರೆ ಮಾಡುವುದು ರೋಬೋದ ಕೆಲಸ. ಅಮ್ಮಿನಬಾವಿಯಲ್ಲಿ ಯಾರೂ ಗೆಲ್ಲದೆ, ಯಾರೂ ಸೋಲದೆ ದಿನವೂ ನಡೆಯುವ ಕೆಲಸಕ್ಕೆ ವಾಷಿಂಗ್ಟನ್‌ನಲ್ಲಿ ಅಂಕ, ಪದಕ, ಚಪ್ಪಾಳೆ ಎಲ್ಲವೂ ಸೇರಿದ್ದವು. ಅಮ್ಮಿನಬಾವಿಯ ಕೆಲಸವನ್ನು ಕಾಯಕವೆನ್ನಲು ನಮ್ಮ ಭಾಗದಲ್ಲಿ ಯಾರೂ ಹಿಂಜರಿಯುವುದಿಲ್ಲ. ವಾಷಿಂಗ್ಟನ್ನಿನದನ್ನು ಏನೆಂದು ಕರೆಯಬೇಕು? ಗೆಲ್ಲಬೇಕೆಂದೇ ಮಾಡಿದ ಕೆಲಸ ಕಾಯಕವಾದೀತೇ?

ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಲ್ಲಿ ಶುರುವಾದ ಮೇಲೆ ದೇಶದ ಸುಮಾರು 10,000 ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಬಂದಿದೆ. 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಒಂದೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ. ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್ ತೆರೆಯುವುದಾಗಿ 2025ರ ಬಜೆಟ್ ಹೇಳಿತು. ಸೆನ್ಸರ್, ಮೋಟರ್, ಆರ್ಡುಯಿನೋ ಬೋರ್ಡುಗಳು ಹಳ್ಳಿಯ ಹೈಸ್ಕೂಲಿನ ಕಪಾಟಿಗೆ ಬಂದವೆಂದರೆ ಹಿಂದೆಯೇ ಸ್ಪರ್ಧೆಯೂ ಬರುತ್ತದೆ. ಅದೇ ಹೈಸ್ಕೂಲಿನ ಗೋಡೆಯ ಮೇಲೆ ಕಾಯಕದ ಬಗೆಗಿನ ಶರಣರ ಮಾತು ಬಣ್ಣದಲ್ಲಿ ಬರೆದಿರುತ್ತದೆ. ವಚನದ ತಾಡೋಲೆಗಳನ್ನು ಊರೂರು ತಿರುಗಿ ಕೂಡಿಸಿದ ಫ. ಗು. ಹಳಕಟ್ಟಿ ಹುಟ್ಟಿದ್ದು ಧಾರವಾಡದಲ್ಲೇ, 1880ರಲ್ಲಿ. ಅವರು ಉಳಿಸಿಕೊಟ್ಟ ವಿಚಾರವನ್ನು ನಾವು ಗೋಡೆಬರಹ ಮಾಡಿ ಮುಗಿಸಿದ್ದೇವೆ. ಹಾಗಾಗಿ ಪ್ರಶ್ನೆ ಬಂದಾಗ ಎರಡು ಸಿದ್ಧ ಉತ್ತರಗಳು ತಟ್ಟನೆ ಬಾಯಿಗೆ ಬರುತ್ತವೆ. ಶ್ರದ್ಧೆಯಿಂದ ಮಾಡಿದ್ದೆಲ್ಲ ಕಾಯಕವೇ, ರೋಬೋ ಕಟ್ಟಿದ್ದೂ ಕಾಯಕವೇ ಎಂಬುದು ಒಂದು. ಕಪ್ಪಿನ ಆಸೆಗೆ ಮಾಡಿದ್ದು ಫಲಾಪೇಕ್ಷೆ, ಅದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದರೆ ಶ್ರದ್ಧೆಯಿಂದ ಕನ್ನ ಕೊರೆಯುವವನಿಗೂ ಜಾಗ ಕೊಡಬೇಕಾಗುತ್ತದೆ. ಎರಡನೆಯದು ಅಷ್ಟು ಹಗುರಾದದ್ದಲ್ಲ, ಅದಕ್ಕೆ ಗೀತೆಯ ಬಲವಿದೆ.

ಕರ್ಮದಲ್ಲಷ್ಟೇ ನಿನ್ನ ಅಧಿಕಾರ, ಫಲದಲ್ಲಿಲ್ಲ ಎಂಬ ಗೀತೆಯ ವಿಚಾರಕ್ಕೆ ರೋಬೋ ಅಂಗಣ ಮೇಲ್ನೋಟಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಭಾರತದಲ್ಲೂ ನಡೆಯುವ ಫಸ್ಟ್ ಟೆಕ್ ಚಾಲೆಂಜ್ ಎಂಬ ರೋಬೋ ಸ್ಪರ್ಧೆಯಲ್ಲಿ ಪಂದ್ಯದ ಮೊದಲ 30 ಸೆಕೆಂಡು ಮಕ್ಕಳು ಕಂಟ್ರೋಲರ್ ಮುಟ್ಟುವಂತಿಲ್ಲ. ತಾವು ಮೊದಲೇ ಬರೆದ ಕೋಡ್ ಹೇಳಿದಂತೆ ರೋಬೋ ತಾನಾಗಿ ಓಡಬೇಕು. ಮಾಡುವುದೆಲ್ಲ ಮಾಡಿಯಾಗಿದೆ, ಇನ್ನು ಕೈಕಟ್ಟಿ ನೋಡುವುದಷ್ಟೇ. ಇದನ್ನು ನಿಷ್ಕಾಮ ಕರ್ಮದ ಪಾಠವೆಂದು ಸಮಾರಂಭದಲ್ಲಿ ಭಾಷಣ ಬಿಗಿಯುವುದು ಸುಲಭ. ಆದರೆ ಅಲ್ಲಿ ನಿಂತ ಮಕ್ಕಳ ಮುಖ ನೋಡಿದವರು ಅದನ್ನು ಒಪ್ಪಲಾರರು. ಫಲದ ಬಗ್ಗೆ ಅಷ್ಟು ಆತಂಕ ಪರೀಕ್ಷೆಯ ರಿಸಲ್ಟಿನ ದಿನವೂ ಇರುವುದಿಲ್ಲ. ಇರಬೇಕಾದದ್ದೂ ಹಾಗೆಯೇ. ರೋಬೋದ ತೋಳು ಚೆಂಡನ್ನು ಹಿಡಿಯಿತೋ ಇಲ್ಲವೋ ಎಂಬ ಫಲವೇ ಕೋಡ್ ಸರಿಯೋ ತಪ್ಪೋ ಎಂದು ತಿಳಿಸುವ ಏಕೈಕ ಸಾಕ್ಷಿ. ಫಲದ ಕಡೆ ನೋಡಬೇಡ ಎಂದು ಎಂಜಿನಿಯರನಿಗೆ ಹೇಳುವುದು ನಾಡಿ ಹಿಡಿಯಬೇಡ ಎಂದು ವೈದ್ಯನಿಗೆ ಹೇಳಿದಂತೆ. ಗೀತೆಯ ವ್ಯಾಖ್ಯಾನಕಾರರು ಇದಕ್ಕೆ ಉತ್ತರ ಕೊಡಬಲ್ಲರು: ಫಲವನ್ನು ನೋಡು, ಅಂಟಿಕೊಳ್ಳಬೇಡ ಎಂದಾರು. ಸರಿಯೇ. ಆದರೆ ಅಂಟಿಕೊಂಡದ್ದನ್ನೂ ಅಂಟಿಕೊಳ್ಳದ್ದನ್ನೂ ಹೊರಗಿನಿಂದ ಕಂಡುಹಿಡಿಯುವವರು ಯಾರು? ಹದಿನಾಲ್ಕರ ಹುಡುಗನಿಗೆ ಅದು ತನ್ನೊಳಗೂ ಕಾಣುವುದಿಲ್ಲ. ಕಂಡಂತೆ ನಟಿಸುವುದನ್ನು ಮಾತ್ರ ಬೇಗ ಕಲಿಯುತ್ತಾನೆ. ಸೋತಾಗ ‘ಭಾಗವಹಿಸಿದ್ದೇ ಮುಖ್ಯ’ ಎನ್ನುವ ಮಾತು ಬಹುಪಾಲು ಇಂಥ ನಟನೆ.

ಶರಣರ ದಾರಿ ಇಲ್ಲಿ ಬೇರೆಯಾಗುತ್ತದೆ, ನನ್ನ ವಾದ ನಿಂತಿರುವುದೂ ಅದರ ಮೇಲೆಯೇ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಡಿಗೆ ಮಾಡಿ ಜಂಗಮರಿಗೆ ಉಣಿಸಿ ತಾವು ಉಣ್ಣುವುದು ಅವರ ನೇಮ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇದು ನಮ್ಮ ಅಳತೆಗಿಂತ ಹೆಚ್ಚಾಯಿತು, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸಿದಳು. ಕಥೆಯನ್ನು ಸಾಮಾನ್ಯವಾಗಿ ದುರಾಸೆಯ ವಿರುದ್ಧದ ನೀತಿಕಥೆಯಾಗಿ ಹೇಳುತ್ತಾರೆ. ಗಮನಿಸಬೇಕಾದ್ದು ಇನ್ನೊಂದಿದೆ. ಲಕ್ಕಮ್ಮ ಮಾರಯ್ಯನ ಮನಸ್ಸಿನಲ್ಲಿ ಏನಿತ್ತೆಂದು ತೂಗಲು ಕೂರಲಿಲ್ಲ. ಅಕ್ಕಿಯನ್ನು ತೂಗಿದಳು. ಫಲವನ್ನು ಬಿಡು ಎನ್ನಲಿಲ್ಲ. ಫಲ ಬೇಕೇ ಬೇಕು, ಅಕ್ಕಿಯಿಲ್ಲದೆ ಅಡಿಗೆಯಿಲ್ಲ, ದಾಸೋಹವಿಲ್ಲ. ಇಷ್ಟು ಬೇಕು, ಇಷ್ಟಕ್ಕಿಂತ ಹೆಚ್ಚು ಬೇಡ ಎಂಬ ಗೆರೆಯನ್ನು ಮಾತ್ರ ಎಳೆದಳು. ಗೀತೆ ಕೇಳುವ ವೈರಾಗ್ಯ ಕಣ್ಣಿಗೆ ಕಾಣದ್ದು. ಲಕ್ಕಮ್ಮ ಕೇಳುವ ಮಿತಿ ಮಡಿಲಲ್ಲಿ ಕಾಣುತ್ತದೆ, ಎಣಿಸಬಹುದು, ತಪ್ಪಿದರೆ ತಿದ್ದಬಹುದು. ಸ್ಪರ್ಧೆಯಲ್ಲಿರುವ ಮಕ್ಕಳಿಗೆ ಬೇಕಾದ ಧರ್ಮ ಈ ಎರಡನೆಯದು. ಗೆಲುವಿನ ಆಸೆ ಕಾಯಕವನ್ನು ಕೆಡಿಸುವುದಿಲ್ಲ. ಗೆಲುವಿಗೆ ಬೇಕಾದದ್ದಕ್ಕಿಂತ ಹೆಚ್ಚನ್ನು ಬಾಚಿಕೊಳ್ಳುವುದು ಕೆಡಿಸುತ್ತದೆ.

ಇಲ್ಲಿ ಸಹಜವಾದ ಆಕ್ಷೇಪ ಬರುತ್ತದೆ. ಲಕ್ಕಮ್ಮನಿಗೆ ಹೊಟ್ಟೆಯ ಅಳತೆಯಿತ್ತು, ಒಂದು ದಿನದ ದಾಸೋಹದ ಅಳತೆಯಿತ್ತು. ಪಂದ್ಯದಲ್ಲಿ ಅಂಥ ಅಳತೆ ಎಲ್ಲಿದೆ, ಅಂಕ ಎಷ್ಟು ಬಂದರೂ ಇನ್ನೊಂದು ಬೇಕಲ್ಲವೇ ಎಂದು. ಅಂಕಕ್ಕೆ ಮಿತಿಯಿಲ್ಲ ನಿಜ. ಆದರೆ ಪಂದ್ಯವೆಂಬುದು ಒಬ್ಬರಿಂದ ಆಗುವ ಕೆಲಸವಲ್ಲ. ನಮ್ಮ ಕಡೆಯ ಗರಡಿಮನೆಗಳಿಗೆ ಇದು ಚೆನ್ನಾಗಿ ಗೊತ್ತಿತ್ತು: ಜೋಡಿ ಸರಿಯಿಲ್ಲದ ಕುಸ್ತಿಯಲ್ಲಿ ಗೆದ್ದ ಪೈಲ್ವಾನನಿಗೆ ಜಾತ್ರೆಯ ಜನ ಸೀಟಿ ಹೊಡೆಯುವುದಿಲ್ಲ. ಎದುರಾಳಿಯ ರೋಬೋದ ಬ್ಯಾಟರಿ ಸತ್ತು ಅದು ಅಂಗಣದ ನಡುವೆ ನಿಂತುಬಿಟ್ಟರೆ ನಮ್ಮ ತಂಡಕ್ಕೆ ಅಂಕ ಸಿಗುತ್ತದೆ, ಪಂದ್ಯ ಸಿಗುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಚಾರ್ಜ್ ಮಾಡಿದ ಬ್ಯಾಟರಿ ಒಂದು ಹೆಚ್ಚಿಗೆ ಇದ್ದಾಗ ಹಾಗಾದರೆ, ಆ ಬ್ಯಾಟರಿಯೇ ಮಾರಯ್ಯನ ಮಡಿಲಿನ ಹೆಚ್ಚಾದ ಅಕ್ಕಿ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯ ಕೂಟಗಳಲ್ಲಿ, ತಂಡಗಳು ರೋಬೋ ರಿಪೇರಿ ಮಾಡಿಕೊಳ್ಳುವ ಪಿಟ್‌ನಿಂದ ‘ಇಂಥ ತಂಡಕ್ಕೆ ಇಂಥ ಬಿಡಿಭಾಗ ಬೇಕಾಗಿದೆ’ ಎಂದು ಮೈಕಿನಲ್ಲಿ ಕೂಗಿಸುವುದು ವಾಡಿಕೆ. ಮುಂದಿನ ಪಂದ್ಯದಲ್ಲಿ ಎದುರಾಗಲಿರುವವರೇ ತಂದುಕೊಡುವುದುಂಟು. ದೊಡ್ಡ ತಂಡಗಳು ವರ್ಷ ಮುಗಿದ ಮೇಲೆ ತಮ್ಮ ಕೋಡನ್ನೂ ವಿನ್ಯಾಸವನ್ನೂ ಎಲ್ಲರಿಗೂ ತೆರೆದಿಡುತ್ತವೆ. 1999ರಿಂದ ಅಲ್ಲಿ ಒಂದೊಂದು ತಂಡ ಒಂಟಿಯಾಗಿ ಆಡುವುದಿಲ್ಲ, ಕೂಟ ಕಟ್ಟಿಕೊಂಡು ಆಡುತ್ತದೆ. ಲೀಗ್ ಹಂತದಲ್ಲಿ ಆ ಕೂಟವನ್ನು ಕಂಪ್ಯೂಟರು ಯಾದೃಚ್ಛಿಕವಾಗಿ ಹೊಂದಿಸುತ್ತದೆ. ಬೆಳಗ್ಗೆ ಎದುರು ನಿಂತವರು ಮಧ್ಯಾಹ್ನ ಪಕ್ಕ ನಿಲ್ಲುತ್ತಾರೆ. ಫಸ್ಟ್ ಟೆಕ್ ಚಾಲೆಂಜ್‌ನಲ್ಲೂ ಇದೇ ಪದ್ಧತಿ, ಕೂಟಕ್ಕೆ ಎರಡು ತಂಡ. ಫಸ್ಟ್ ಗ್ಲೋಬಲ್‌ನಲ್ಲಿ ಮೂರು ದೇಶಗಳ ಕೂಟ ಇನ್ನು ಮೂರು ದೇಶಗಳ ಎದುರು. ಎರಡು ಸಲ ವೀಸಾ ನಿರಾಕರಣೆಯಾಗಿ ಕೊನೆಗೂ 2017ರಲ್ಲಿ ವಾಷಿಂಗ್ಟನ್ ತಲುಪಿದ ಅಫ್ಘಾನಿಸ್ತಾನದ ಹೆರಾತಿನ ಹುಡುಗಿಯರೂ ಇದೇ ನಿಯಮದ ಕೆಳಗೆ, ಹಿಂದೆಂದೂ ನೋಡದ ದೇಶಗಳ ಮಕ್ಕಳೊಂದಿಗೆ ಕೂಡಿ ಆಡಿದರು.

ಈಗ ಗಟ್ಟಿಯಾದ ಆಕ್ಷೇಪ. ಇದೆಲ್ಲ ದಾಸೋಹವೇ ಅಲ್ಲ, ಲೆಕ್ಕಾಚಾರ. ಬೆಳಗಿನ ಎದುರಾಳಿ ಮಧ್ಯಾಹ್ನದ ಜೊತೆಗಾರನಾಗುವುದು ಗೊತ್ತಿದ್ದರೆ ಬ್ಯಾಟರಿ ಕೊಡುವುದು ಹೂಡಿಕೆಯಾಗುತ್ತದೆ. ಮೇಲಾಗಿ ಸೌಜನ್ಯಕ್ಕೆ ಅಲ್ಲಿ ಪ್ರತ್ಯೇಕ ಪ್ರಶಸ್ತಿಗಳಿವೆ, ತೀರ್ಪುಗಾರರು ಓಡಾಡುತ್ತಾರೆ. ಪ್ರಶಸ್ತಿಗಾಗಿ ಅನ್ನ ಇಟ್ಟವನನ್ನು ದಾಸೋಹಿ ಎನ್ನುತ್ತೇವೆಯೇ? ಈ ಆಕ್ಷೇಪಕ್ಕೆ ಇತಿಹಾಸದ ಬೆಂಬಲವೂ ಇದೆ. ಫಸ್ಟ್ ಸಂಸ್ಥೆಯ ಸ್ಥಾಪಕ ಡೀನ್ ಕೇಮನ್ ಮತ್ತು ಎಂಐಟಿಯ ಪ್ರಾಧ್ಯಾಪಕರಾಗಿದ್ದ ವುಡಿ ಫ್ಲವರ್ಸ್ ಸ್ಪರ್ಧೆ-ಸಹಕಾರಗಳನ್ನು ಬೆಸೆದ ಈ ಆಟದ ವಿಧಾನಕ್ಕೆ ಕೂಪರ್ಟಿಷನ್ ಎಂದು ಹೆಸರಿಟ್ಟು 2009ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. (ಹಂಚಿಕೊಳ್ಳುವುದನ್ನು ಕಲಿಸುವ ವಿಧಾನಕ್ಕೆ ಪೇಟೆಂಟು! ಲಕ್ಕಮ್ಮ ಇದ್ದಿದ್ದರೆ ಅದನ್ನೂ ವಾಪಸು ಸುರಿದು ಬಾ ಎನ್ನುತ್ತಿದ್ದಳೇನೋ.) ಮರುವರ್ಷದ ಆಟದಲ್ಲಿ ಒಂದು ನಿಯಮ ಬಂತು: ಗೆದ್ದ ಕೂಟದ ಶ್ರೇಯಾಂಕಕ್ಕೆ ಸೋತವರು ಗಳಿಸಿದ ಅಂಕದ ಎರಡರಷ್ಟು ಸೇರುತ್ತದೆ; ಸೋತವರಿಗೆ ಗೆದ್ದವರ ಅಂಕವೇ ಸಿಗುತ್ತದೆ. ಎದುರಾಳಿಯನ್ನು ಪುಡಿಗಟ್ಟಬೇಡಿ, ಅವರೂ ಆಡಲಿ ಎಂಬುದು ಉದ್ದೇಶ. ನಡೆದದ್ದು ಇದು: ಕೆಲವು ಪಂದ್ಯಗಳಲ್ಲಿ ಎರಡೂ ಕೂಟಗಳ ಆರೂ ತಂಡಗಳು ಮೊದಲೇ ಮಾತಾಡಿಕೊಂಡು ಚೆಂಡುಗಳನ್ನೆಲ್ಲ ಒಂದೇ ಕಡೆಯ ಗೋಲಿಗೆ ಹಾಕಿದವು. ಒಬ್ಬರೂ ಎದುರಾಡಲಿಲ್ಲ, ಎಲ್ಲರಿಗೂ ಅಂಕ ಬಂತು. ನಿಯಮವನ್ನು ಆ ಋತುವಿನ ನಡುವೆಯೇ ತಿದ್ದಬೇಕಾಯಿತು. ಸಹಕಾರಕ್ಕೆ ಬೆಲೆ ಕಟ್ಟಿದೊಡನೆ ಬುದ್ಧಿವಂತ ಮಕ್ಕಳು ಸಹಕಾರ ಬಿಟ್ಟು ಬೆಲೆಯನ್ನು ಹಿಡಿದರು. ಅದರಲ್ಲಿ ಅವರ ತಪ್ಪನ್ನು ನಾನು ಹೆಚ್ಚು ಕಾಣೆ. ಕೊಟ್ಟ ನಿಯಮವನ್ನು ಅದರ ಕೊನೆಯವರೆಗೆ ಓದುವುದನ್ನೇ ಎಂಜಿನಿಯರಿಂಗ್ ಅವರಿಗೆ ಕಲಿಸಿದ್ದು.

ಹಾಗಾದರೆ ನಿಯಮದಿಂದ ಧರ್ಮ ಹುಟ್ಟುವುದಿಲ್ಲ ಎಂದು ಒಪ್ಪಿಕೊಳ್ಳೋಣ. ಆದರೆ ಅದರಿಂದ ಆಕ್ಷೇಪಕರು ಎಳೆಯುವ ತೀರ್ಮಾನ, ಅಂದರೆ ಧರ್ಮ ಒಳಗಿನ ಶುದ್ಧಿಯಿಂದ ಮಾತ್ರ ಹುಟ್ಟುತ್ತದೆ, ಸ್ಪರ್ಧೆಯ ಕೂಟ ಅದಕ್ಕೆ ತಕ್ಕ ಜಾಗವಲ್ಲ ಎಂಬುದು, ನನಗೆ ಒಪ್ಪಿಗೆಯಿಲ್ಲ. ಮತ್ತೆ ಕಥೆಗೇ ಬರಬೇಕು. ಆ ದಿನ ಮಾರಯ್ಯನ ಒಳಗಿನ ಶುದ್ಧಿ ಕೆಲಸ ಮಾಡಲಿಲ್ಲ. ಮಾರಯ್ಯ ಸಾಮಾನ್ಯ ಭಕ್ತನಲ್ಲ, ಕಾಯಕದ ತತ್ತ್ವಕ್ಕೆ ಎಲ್ಲರೂ ಬಳಸುವ ಮಾತನ್ನು ಕೊಟ್ಟವನೇ ಆತ. ಅಂಥವನಿಗೂ ಹೆಚ್ಚಾದದ್ದು ತಾನಾಗಿ ಕಾಣಲಿಲ್ಲ. ಮಹಾಮನೆಯಲ್ಲಿ ಅಕ್ಕಿ ಇಷ್ಟೇ ಆಯಬೇಕೆಂಬ ನಿಯಮವೂ ಇರಲಿಲ್ಲ. ಬಸವಣ್ಣನೇ ಪರೀಕ್ಷೆಗೆಂದು ಹೆಚ್ಚು ಚೆಲ್ಲಿಸಿದ್ದನೆಂದು ಕಥೆಯ ಒಂದು ಪಾಠ ಹೇಳುತ್ತದೆ. ನಿಯಮವೂ ಮನಸ್ಸಾಕ್ಷಿಯೂ ಸುಮ್ಮನಿದ್ದ ಹೊತ್ತಿನಲ್ಲಿ ತಿದ್ದಿದ್ದು ಜೊತೆಗಿದ್ದ ಲಕ್ಕಮ್ಮ. ಅವಳು ಗುರುವಲ್ಲ, ತೀರ್ಪುಗಾರಳಲ್ಲ. ಅದೇ ಅಕ್ಕಿಯನ್ನು ಉಣ್ಣುವವಳು. ಹೆಚ್ಚಿನ ಅಕ್ಕಿಯಿಂದ ಅವಳಿಗೂ ಲಾಭವಿತ್ತು, ವಾಪಸು ಕಳಿಸಿದ್ದರಿಂದ ಅವಳಿಗೂ ನಷ್ಟವಾಯಿತು, ಅದಕ್ಕೇ ಅವಳ ಮಾತಿಗೆ ತೂಕ. ಶರಣರು ಒಂಟಿ ಸಾಧನೆಯನ್ನು ಅಷ್ಟಾಗಿ ನಂಬದೆ ಅನುಭವ ಮಂಟಪ ಕಟ್ಟಿದ್ದರ ಹಿಂದೆ ಇದೇ ತಿಳಿವಳಿಕೆ ಇರಬೇಕು ಎಂದು ನನ್ನ ಊಹೆ. ಹೈಸ್ಕೂಲಿನ ರೋಬೋಟಿಕ್ಸ್ ತಂಡದಲ್ಲಿ ಧರ್ಮದ ದೃಷ್ಟಿಯಿಂದ ಬೆಲೆಯುಳ್ಳದ್ದು ರೋಬೋ ಅಲ್ಲ, ಕಪ್ಪಂತೂ ಅಲ್ಲವೇ ಅಲ್ಲ. ಗೆದ್ದರೆ ಜೊತೆಗೇ ಗೆಲ್ಲುವ, ಸೋತರೆ ಜೊತೆಗೇ ಸೋಲುವ ಏಳೆಂಟು ಜನ ಒಂದೇ ಟೇಬಲ್ಲಿನ ಸುತ್ತ ಇರುತ್ತಾರೆ. ಅವರಲ್ಲಿ ಯಾರಾದರೂ ಒಬ್ಬರು ‘ಇದು ಹೆಚ್ಚಾಯಿತು’ ಎನ್ನಬಹುದು. ಇನ್ನೊಬ್ಬರ ಕೋಡನ್ನು ಹೆಸರು ಹೇಳದೆ ಬಳಸಿದಾಗ, ಮೇಷ್ಟ್ರೋ ತಂದೆಯೋ ಅರ್ಧ ರೋಬೋ ಕಟ್ಟಿಕೊಟ್ಟಾಗ, ಜೊತೆ ಕೂಟದವರ ಯಂತ್ರ ಕೆಟ್ಟಿದ್ದನ್ನು ಬಚ್ಚಿಟ್ಟು ತಮ್ಮ ಶ್ರೇಯಾಂಕವನ್ನಷ್ಟೇ ನೋಡಿಕೊಂಡಾಗ ಈ ಮಾತು ಆಡಬೇಕಾಗುತ್ತದೆ. ಪರೀಕ್ಷೆಯ ಹಾಲಿನಲ್ಲಿ ಅದಕ್ಕೆ ಅವಕಾಶವಿಲ್ಲ, ಅಲ್ಲಿ ಪ್ರತಿಯೊಬ್ಬನೂ ಒಂಟಿ ಮಾರಯ್ಯ. ಟ್ಯೂಷನ್ ಕ್ಲಾಸಿನಲ್ಲೂ ಇಲ್ಲ.

ಕೈಯಿಂದ ಮಾಡಿದ್ದಷ್ಟೇ ಕಾಯಕ, ಯಂತ್ರದಿಂದ ಮಾಡಿಸಿದ್ದು ಹೇಗೆ ಕಾಯಕ ಎಂದು ಕೇಳುವವರಿಗೆ ಉದ್ದದ ಉತ್ತರ ಬೇಕಿಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕೈಯಲ್ಲೂ ಕುಡುಗೋಲಿತ್ತು, ಅಮ್ಮಿನಬಾವಿಯ ಘಟಕದಲ್ಲಿ ಪಂಪಿಲ್ಲದೆ ಹನಿ ನೀರು ಮುಂದೆ ಹೋಗದು. ಸಲಕರಣೆ ದೊಡ್ಡದಾದರೆ ಹೊಣೆ ದೊಡ್ಡದಾಗುತ್ತದೆ, ಕಾಯಕ ಸಣ್ಣದಾಗುವುದಿಲ್ಲ.

ಹಣದ ಆಕ್ಷೇಪವನ್ನು ಹೀಗೆ ದಾಟಿಹೋಗಲಾಗದು. ಅಮೆರಿಕದ ದೊಡ್ಡ ಸ್ಪರ್ಧೆಗೆ ಒಂದು ಋತುವಿನ ನೋಂದಣಿಗೇ ಇತ್ತೀಚೆಗೆ 6,000 ಡಾಲರಿಗಿಂತ ಹೆಚ್ಚು, ಅಂದರೆ ಐದು ಲಕ್ಷ ರೂಪಾಯಿ ಮೀರಿ ಬೇಕು. ಟಿಂಕರಿಂಗ್ ಲ್ಯಾಬಿಗೆ ಸರಕಾರ ಹಲವು ವರ್ಷಗಳಿಗೆಂದು ಕೊಡುವ ಮೊತ್ತದ ಕಾಲುಭಾಗವಿದು. ಭಾರತದಲ್ಲಿ ನಡೆಯುವ ಸ್ಪರ್ಧೆಗಳು ಅಷ್ಟು ದುಬಾರಿಯಲ್ಲವಾದರೂ ಕಿಟ್ಟು, ಪ್ರಯಾಣ, ಉಳಿಯುವ ಖರ್ಚು ಸೇರಿದರೆ ಒಣಬೇಸಾಯದ ಮನೆಯ ಅಳತೆಯ ಹೊರಗೇ ಇವೆ. ಆದ್ದರಿಂದ ಯಾರು ಹೆಚ್ಚು ಆಯ್ದರು ಎಂದು ಕೇಳುವ ಮೊದಲು ಅಂಗಳದೊಳಗೆ ಬಿಟ್ಟದ್ದು ಯಾರನ್ನು ಎಂದು ಕೇಳಬೇಕು, ಕಲ್ಯಾಣದ ಮಹಾಮನೆಯ ಬಾಗಿಲು ಯಾರಿಗೂ ಮುಚ್ಚಿರಲಿಲ್ಲ ಎನ್ನುವವರ ಮಾತು ನ್ಯಾಯವಾದದ್ದು. ಇದಕ್ಕೆ ನನ್ನ ವಾದದಲ್ಲಿ ಪೂರ್ತಿ ಉತ್ತರವಿಲ್ಲ, ಆದರೆ ವಾದದ ಅಳತೆಗೋಲು ಇಲ್ಲಿಗೂ ಹೊಂದುತ್ತದೆ. ಐದು ಲಕ್ಷ ಕಟ್ಟಬಲ್ಲ ಶಾಲೆ ಆಡಬಾರದು ಎಂದು ಲಕ್ಕಮ್ಮ ಹೇಳುವುದಿಲ್ಲ. ಆಡುವುದಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಏನು ಮಾಡಿದಿರಿ ಎಂದು ಕೇಳುತ್ತಾಳೆ. ಹೋದ ವರ್ಷದ ಮೋಟರುಗಳು ನಗರದ ಶಾಲೆಯ ಬೀರುವಿನಲ್ಲಿ ತುಕ್ಕು ಹಿಡಿಯುತ್ತಿದ್ದರೆ, ಹಳ್ಳಿಯ ಲ್ಯಾಬಿನಲ್ಲಿ ಕಿಟ್ಟು ಬಂದು ಕಲಿಸುವವರಿಲ್ಲದೆ ಡಬ್ಬಿ ಒಡೆಯದೆ ಉಳಿದಿದ್ದರೆ, ಎರಡೂ ಕಡೆ ಕೆಟ್ಟಿರುವುದು ಒಂದೇ ಅಕ್ಕಿ. ಐಐಟಿ ಧಾರವಾಡ 2016ರಿಂದ ಇದೆ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಟೊಮೇಷನ್ ಮತ್ತು ರೋಬೋಟಿಕ್ಸ್ ಓದುವವರಿದ್ದಾರೆ. ಅವರ ಶನಿವಾರಗಳಲ್ಲಿ ಅಮ್ಮಿನಬಾವಿಯಂಥ ಊರಿನ ಹೈಸ್ಕೂಲಿಗೆ ಒಂದು ಪಾಲು ಕೇಳುವುದು ದಾನ ಬೇಡಿದಂತಲ್ಲ. ಹೆಚ್ಚಾದದ್ದು ಸೇರಬೇಕಾದ ಜಾಗ ಅದು.

ತಿದ್ದುವ ಹಕ್ಕು ತಂಡದೊಳಗೆ ಯಾರಿಗೆ ಸಿಗುತ್ತದೆ ಎಂಬುದೂ ಇದೇ ಮಾತಿಗೆ ಸೇರಿದ್ದು, ಸ್ಪರ್ಧೆ ನಡೆಸುವವರು ಇದರ ಬಗ್ಗೆ ಯೋಚಿಸಿದ್ದು ಕಡಿಮೆ. ಲಕ್ಕಮ್ಮನಿಗೆ ಅಳತೆ ಗೊತ್ತಾದದ್ದು ಅವಳು ಅಡಿಗೆ ಮಾಡುವವಳಾದ್ದರಿಂದ. ಅಂಗಳದಲ್ಲಿ ಆಯುವವನಿಗೆ ಕಾಳು ಕಾಣುತ್ತದೆ, ಎಷ್ಟು ಕಾಳಿಗೆ ಎಷ್ಟು ಎಲೆ ಎಂಬುದು ಒಲೆಯ ಮುಂದೆ ಕೂತವಳಿಗೆ ಕಾಣುತ್ತದೆ. ರೋಬೋ ತಂಡದಲ್ಲಿ ಕಂಟ್ರೋಲರ್ ಹಿಡಿದವನು ಆಯುವವನು. ಬಿಡಿಭಾಗಗಳ ಪಟ್ಟಿ, ಖರ್ಚಿನ ಲೆಕ್ಕ, ಯಾರ ವಿನ್ಯಾಸ ಎಲ್ಲಿಂದ ಬಂತೆಂದು ಬರೆದಿಡುವ ಎಂಜಿನಿಯರಿಂಗ್ ನೋಟ್‌ಬುಕ್ ಇವನ್ನು ನೋಡಿಕೊಳ್ಳುವವರು ಅಡಿಗೆಯವರು. ನಮ್ಮ ಶಾಲೆಗಳಲ್ಲಿ ಈ ಎರಡನೆಯ ಕೆಲಸ ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಹುಡುಗಿಯರ ಪಾಲಿಗೆ ಬರುವುದೇ ಹೆಚ್ಚು, ಅದನ್ನು ಕೆಳಗಿನ ಕೆಲಸವೆಂದೇ ಎಣಿಸುತ್ತಾರೆ. ಹುಡುಗಿಯರಿಗೂ ಕಂಟ್ರೋಲರ್ ಕೊಡಿ ಎನ್ನುವುದು ಸರಿಯಾದ ಬೇಡಿಕೆ. ಅಷ್ಟಕ್ಕೇ ನಿಂತರೆ ಮಾತ್ರ ನೋಟ್‌ಬುಕ್ಕಿನ ಕೆಲಸ ಕೀಳೆಂಬುದನ್ನು ಒಪ್ಪಿಕೊಂಡಂತಾಗುತ್ತದೆ. ಪಂದ್ಯಕ್ಕೆ ಮೊದಲು ಮೇಷ್ಟ್ರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಚಾಲಕನಿಗೇ: ಬ್ಯಾಟರಿ ಎಷ್ಟಿದೆ, ತೋಳು ಸರಿಯಾಗಿ ಏಳುತ್ತಿದೆಯೇ. ಕೂಟದ ಆಚೆ ತಂಡಕ್ಕೆ ಏನಾದರೂ ಬೇಕಿದೆಯೇ, ನಮ್ಮಲ್ಲಿ ಅದು ಹೆಚ್ಚಿಗಿದೆಯೇ, ಈ ಕೋಡ್ ಯಾರದೆಂದು ಬರೆದಾಗಿದೆಯೇ ಎಂಬ ಪ್ರಶ್ನೆಗಳನ್ನು ನೋಟ್‌ಬುಕ್ ಹಿಡಿದವಳಿಗೆ ಕೇಳಬೇಕು. ಏನಾದರೂ ಬಾಕಿಯಿದೆ ಎಂದು ಅವಳು ಹೇಳಿದರೆ ರೋಬೋವನ್ನು ಅಂಗಣಕ್ಕೆ ಇಳಿಸದೆ ಒಂದು ನಿಮಿಷ ಕಾಯಬೇಕು.